ತಾಲೂಕಿನ ಶಾಲೆಗಳಿಗೊಬ್ಬ ಸಾಹೇಬರು ಬೇಕಾಗಿದ್ದಾರೆ

ಕಂಪನಿಗೆ ಜನ ಹುಡುಕಿಕೊಡುವುದು ನನ್ನ ಕೆಲಸ. ಮೊದಲ ಒಂಬತ್ತು ವರ್ಷ ನಾಶಿಕದ ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ, ಈಗ ಎಂಟು ವರ್ಷದಿಂದ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ. ಮುನ್ನೂರು ಜನ ದುಡಿಯುವ ಒಂದು ಘಟಕಕ್ಕೆ ಮುಖ್ಯಸ್ಥರನ್ನು ಹುಡುಕಬೇಕೆಂದರೆ ನಮಗೆ ನಾಲ್ಕೈದು ತಿಂಗಳು ಹಿಡಿಯುತ್ತದೆ. ಜಾಹೀರಾತು, ಅರ್ಜಿಗಳ ಜರಡಿ, ಮೂರು ಸುತ್ತಿನ ಸಂದರ್ಶನ, ಹಿಂದಿನ ಕಂಪನಿಯಲ್ಲಿ ವಿಚಾರಣೆ, ಕೊನೆಗೆ ಯಂತ್ರಗಳ ನಡುವೆ ಒಂದು ಸುತ್ತು ಕರೆದೊಯ್ದು ಕಾರ್ಮಿಕರ ಜೊತೆ ಹೇಗೆ ಮಾತಾಡುತ್ತಾರೆ ಎಂದು ನೋಡುವುದು. ಇಷ್ಟಾದರೂ ಎಷ್ಟೋ ಸಲ ಆಯ್ಕೆ ಕೈಕೊಡುತ್ತದೆ. ಆದರೆ ಕುರ್ಚಿ ಖಾಲಿ ಬಿಡುವುದಂತೂ ಇಲ್ಲ. ಇರುವವರು ಹೊರಡುತ್ತಾರೆಂಬ ಸುಳಿವು ಸಿಕ್ಕ ದಿನವೇ ಮುಂದಿನವರ ಹುಡುಕಾಟ ಶುರು.

ಹೀಗಿರುವಾಗ, ನೂರಾರು ಶಾಲೆ, ಸಾವಿರಾರು ಮಕ್ಕಳು, ಸಾವಿರದ ಆಸುಪಾಸು ಶಿಕ್ಷಕರು ಇರುವ ಒಂದು ತಾಲೂಕಿಗೆ ಶಿಕ್ಷಣದ ಮುಖ್ಯಸ್ಥರನ್ನು ಯಾರು, ಹೇಗೆ ಆರಿಸುತ್ತಾರೆ? ಈ ಪ್ರಶ್ನೆ ನನಗೆ ಹುಟ್ಟಿದ್ದು ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯ ಕೆಲಸ ನನ್ನ ಮೇಜಿಗೆ ಬಂದ ಮೇಲೆ. ಶೌಚಾಲಯ, ನೀರಿನ ಟ್ಯಾಂಕು, ವಿಜ್ಞಾನದ ಪೆಟ್ಟಿಗೆ ಏನೇ ಕೊಡಬೇಕೆಂದರೂ ತಾಲೂಕಿನ ‘ಗಟಶಿಕ್ಷಣಾಧಿಕಾರಿ’ಯ ಪತ್ರ ಬೇಕು. ಈ ಭಾಗದ ಒಂದು ತಾಲೂಕಿನಲ್ಲಿ ಮೂರು ವರ್ಷದಲ್ಲಿ ಆ ಕುರ್ಚಿಯ ಮೇಲೆ ನಾಲ್ವರನ್ನು ಕಂಡಿದ್ದೇನೆ. ಅವರಲ್ಲಿ ಇಬ್ಬರು ‘ಪ್ರಭಾರಿ’ಗಳು. ತಮ್ಮ ಮೂಲ ಕೆಲಸದ ಜೊತೆ ಇದನ್ನೂ ಹೊತ್ತುಕೊಂಡವರು.

ಯಾರು ಈ ಸಾಹೇಬರು?

ನಮ್ಮ ಕರ್ನಾಟಕದ ಓದುಗರಿಗೆ ಹೇಳುವುದಾದರೆ, ಗಟಶಿಕ್ಷಣಾಧಿಕಾರಿ ಎಂದರೆ ನಮ್ಮ ಬಿಇಓ, ಕ್ಷೇತ್ರ ಶಿಕ್ಷಣಾಧಿಕಾರಿ. ಅವರ ಕೆಳಗೆ ‘ವಿಸ್ತಾರ ಅಧಿಕಾರಿ’ಗಳು. ಅದರ ಕೆಳಗೆ ಹತ್ತಾರು ಶಾಲೆಗೊಬ್ಬರಂತೆ ‘ಕೇಂದ್ರಪ್ರಮುಖ’. ನಮ್ಮಲ್ಲಿ ಸಿಆರ್‌ಪಿ ಮಾಡುವ ಕೆಲಸಕ್ಕೆ ಹತ್ತಿರದ ಹುದ್ದೆ ಇದು. ಮೇಲೆ ಜಿಲ್ಲೆಯಲ್ಲಿ ಪ್ರಾಥಮಿಕಕ್ಕೊಬ್ಬ, ಮಾಧ್ಯಮಿಕಕ್ಕೊಬ್ಬ ಶಿಕ್ಷಣಾಧಿಕಾರಿ. ಅವರ ಮೇಲೆ ವಿಭಾಗದ ಉಪಸಂಚಾಲಕರು. ನಾಶಿಕದಲ್ಲಿ ಒಂದು, ಸಂಭಾಜಿನಗರದಲ್ಲಿ ಇನ್ನೊಂದು ಉಪಸಂಚಾಲಕರ ಕಚೇರಿ ಇದೆ. ನಾಶಿಕ ಜಿಲ್ಲೆಗೆ 15 ತಾಲೂಕು, ಸಂಭಾಜಿನಗರಕ್ಕೆ 9.

ಗಟಶಿಕ್ಷಣಾಧಿಕಾರಿಯ ಕಚೇರಿ ಸಾಮಾನ್ಯವಾಗಿ ಪಂಚಾಯತ್ ಸಮಿತಿಯ ಕಟ್ಟಡದಲ್ಲೇ ಇರುತ್ತದೆ. ಅಲ್ಲಿ ಒಂದು ಬೆಳಗ್ಗೆ ಕುಳಿತು ನೋಡಿದರೆ ಆ ಕುರ್ಚಿಯ ಭಾರ ಗೊತ್ತಾಗುತ್ತದೆ. ಶಿಕ್ಷಕರ ಸಂಬಳದ ಬಿಲ್ಲು, ರಜೆ, ವೈದ್ಯಕೀಯ ಮರುಪಾವತಿ, ಮಧ್ಯಾಹ್ನದ ಊಟದ ಅಕ್ಕಿ, ಯುಡೈಸ್ ಮಾಹಿತಿ, ಸ್ಕಾಲರ್‌ಶಿಪ್ ಪರೀಕ್ಷೆ, ಖಾಸಗಿ ಶಾಲೆಗಳಲ್ಲಿ ಶೇ 25ರ ಪ್ರವೇಶ, ಮಳೆಗೆ ಕುಸಿದ ಗೋಡೆ, ಚುನಾವಣಾ ಕೆಲಸ. ಇವೆಲ್ಲ ಮುಗಿದ ಮೇಲೆ ಹೊತ್ತು ಉಳಿದರೆ ಮಕ್ಕಳು ಓದುತ್ತಿದ್ದಾರೋ ಇಲ್ಲವೋ ಎಂದು ನೋಡುವುದು.

ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು ರಾಜ್ಯ ಶಿಕ್ಷಣ ಇಲಾಖೆಯ ನೌಕರರು. ಇಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆ ಜಿಲ್ಲಾ ಪರಿಷತ್ತಿನ ಸ್ವತ್ತು, ಶಿಕ್ಷಕರು ಜಿಲ್ಲಾ ಪರಿಷತ್ತಿನ ನೌಕರರು. ಜನ ಕರೆಯುವುದೂ ‘ಝಡ್.ಪಿ. ಶಾಲೆ’ ಎಂದೇ. 1961ರ ಕಾಯ್ದೆಯಂತೆ 1962ರ ಮೇ 1ರಂದು ಜಿಲ್ಲಾ ಪರಿಷತ್ತುಗಳು ಕಣ್ಣುಬಿಟ್ಟಾಗಿನಿಂದ ಹೀಗೇ ನಡೆದು ಬಂದಿದೆ. ಅಂದರೆ ಅಮೆರಿಕದಲ್ಲಿ ‘ಸ್ಕೂಲ್ ಡಿಸ್ಟ್ರಿಕ್ಟ್’ ಎನ್ನುತ್ತಾರಲ್ಲ, ಅದಕ್ಕೆ ನಮ್ಮ ದೇಶದಲ್ಲಿ ತೀರ ಹತ್ತಿರದ ವ್ಯವಸ್ಥೆ ಇದು. ಶಾಲೆಯೂ ತನ್ನದು, ಶಿಕ್ಷಕರೂ ತನ್ನವರು. ಆದರೆ ಅವರನ್ನು ಮುನ್ನಡೆಸುವ ಅಧಿಕಾರಿ ಮಾತ್ರ ಜಿಲ್ಲೆ ಆರಿಸಿದವರಲ್ಲ. ಅವರು ರಾಜ್ಯದ ‘ಮಹಾರಾಷ್ಟ್ರ ಶಿಕ್ಷಣ ಸೇವೆ’ಯವರು. ಹೊಲ ನಮ್ಮದು, ಎತ್ತು ನಮ್ಮದು, ಕೂರಿಗೆ ಹಿಡಿಯುವವರನ್ನು ಮಾತ್ರ ಮುಂಬೈಯಿಂದ ಕಳಿಸುತ್ತಾರೆ ಅನ್ನುವ ಹಾಗೆ.

ಅಯೋವಾದಿಂದ ಬಂದ ಫೋನು

ಹೋದ ವರ್ಷ ಅಮೆರಿಕದ ಅಯೋವಾದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. “ಅಕ್ಕಾ, ನೀ ಮಾಡೂ ಕೆಲಸ ಈಗ ನನಗೂ ಬಂದೈತಿ ನೋಡು” ಅಂದಳು. ಅವಳಿರುವುದು ಜೋಳದ ಹೊಲಗಳ ನಡುವಿನ ಸಣ್ಣ ಊರು. ಅಲ್ಲಿನ ಶಾಲೆಗಳ ಸೂಪರಿಂಟೆಂಡೆಂಟ್ ನಿವೃತ್ತರಾಗುತ್ತಿದ್ದರು. ಹೊಸಬರನ್ನು ಹುಡುಕುವಾಗ ಪಾಲಕರ ಅಭಿಪ್ರಾಯ ಹೇಳಲು ಒಂದು ಗುಂಪು ಮಾಡಿದ್ದರು, ಅದರಲ್ಲಿ ಇವಳೂ ಒಬ್ಬಳು.

ಅಮೆರಿಕದಲ್ಲಿ ಇಂಥ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಸುಮಾರು 13 ಸಾವಿರ ಇವೆ. ಬಹುತೇಕ ಕಡೆ ಊರವರೇ ಮತ ಹಾಕಿ ಐದು, ಏಳು ಅಥವಾ ಒಂಬತ್ತು ಜನರ ಮಂಡಳಿಯನ್ನು ಆರಿಸುತ್ತಾರೆ. ಆ ಮಂಡಳಿ ಸೂಪರಿಂಟೆಂಡೆಂಟನ್ನು ನೇಮಿಸುತ್ತದೆ. ಜಾಹೀರಾತು ಕೊಡುವ ಮೊದಲು ‘ನಮಗೆ ಎಂಥವರು ಬೇಕು’ ಎಂದು ಊರವರನ್ನು ಕೇಳುತ್ತಾರೆ. ಕೊನೆಯ ಸುತ್ತಿಗೆ ಉಳಿದವರು ಊರಿಗೆ ಬಂದು ಶಾಲೆ ನೋಡಬೇಕು, ಶಿಕ್ಷಕರ ಜೊತೆ, ಪಾಲಕರ ಜೊತೆ ಕೂತು ಮಾತಾಡಬೇಕು. ಆಮೇಲೆ ಎರಡು ಮೂರು ವರ್ಷದ ಕರಾರು, ವರ್ಷಕ್ಕೊಮ್ಮೆ ಕೆಲಸದ ಮೌಲ್ಯಮಾಪನ.

“ಅಲ್ಲಿ ರೈತರು ಏನು ಕೇಳಿದರು?” ಎಂದೆ. ತಂಗಿ ನಕ್ಕಳು. “ಎಲ್ಲಾರದೂ ಒಂದ ಪ್ರಶ್ನೆ ಅಕ್ಕಾ. ನೀವು ನಮ್ಮ ಊರಾಗ ಮನಿ ಮಾಡ್ತೀರೋ, ದಿನಾ ಪ್ಯಾಟಿಯಿಂದ ಬಂದು ಹೋಗ್ತೀರೋ?”

ಆ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಲಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಚಂದವೇ ಎಂದಲ್ಲ. ಸಣ್ಣ ಊರಿಗೆ ಅರ್ಜಿ ಹಾಕುವವರೇ ಕಡಿಮೆ. ಬಂದವರು ದೊಡ್ಡ ಊರಿನಲ್ಲಿ ಹೆಚ್ಚು ಸಂಬಳ ಸಿಕ್ಕರೆ ಹೊರಟುಬಿಡುತ್ತಾರೆ. ಮಂಡಳಿಯ ಚುನಾವಣೆಯಲ್ಲಿ ಗುಂಪು ಬದಲಾದರೆ ಸೂಪರಿಂಟೆಂಡೆಂಟ್ ಗಂಟುಮೂಟೆ ಕಟ್ಟುವುದೂ ಉಂಟು. ಆದರೆ ಒಂದು ಮಾತು ನಿಜ. ನಮ್ಮ ಮಕ್ಕಳ ಶಾಲೆ ನಡೆಸಲು ಬರುವವರ ಮುಖವನ್ನು ಮೊದಲೇ ನೋಡುವ, ಅವರನ್ನು ಒಂದು ಪ್ರಶ್ನೆ ಕೇಳುವ ಅವಕಾಶ ಅಲ್ಲಿನ ಪಾಲಕರಿಗಿದೆ.

ಇಲ್ಲಿ ಆರಿಸುವವರು ಯಾರು?

ಮಹಾರಾಷ್ಟ್ರದಲ್ಲಿ ಶಿಕ್ಷಣಾಧಿಕಾರಿ ‘ಗಟ ಅ’, ಗಟಶಿಕ್ಷಣಾಧಿಕಾರಿ ‘ಗಟ ಬ’ ದರ್ಜೆ. ಒಂದು ಪಾಲು ನೇರ ನೇಮಕಾತಿ, ಅದನ್ನು ನಡೆಸುವುದು ಎಂಪಿಎಸ್‌ಸಿ, ನಮ್ಮ ಕೆಪಿಎಸ್‌ಸಿಯಂಥ ಆಯೋಗ. ಉಪಜಿಲ್ಲಾಧಿಕಾರಿ, ತಹಶೀಲ್ದಾರ್ ಹುದ್ದೆಗೆ ಬರೆಯುವ ರಾಜ್ಯಸೇವಾ ಪರೀಕ್ಷೆಯೇ ಇದಕ್ಕೂ. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ. ಅಂಕ ಮತ್ತು ಆದ್ಯತೆ ನೋಡಿ ಹುದ್ದೆ ಹಂಚಿಕೆ. ಉಳಿದ ಪಾಲು ಬಡ್ತಿಯಿಂದ ತುಂಬುತ್ತಾರೆ.

ಇದರಲ್ಲಿ ಒಳ್ಳೆಯದೂ ಇದೆ. ಯಾರ ಶಿಫಾರಸೂ ಇಲ್ಲದ ಬಡ ರೈತನ ಮಗ, ಮಗಳು ಓದಿ ಬಂದು ಅಧಿಕಾರಿಯಾಗುತ್ತಾರೆ. ಊರವರ ಕೈಗೇ ಆಯ್ಕೆ ಕೊಟ್ಟಿದ್ದರೆ ಅವರಿಗೆ ಆ ಕುರ್ಚಿ ಕನಸಾಗುತ್ತಿತ್ತು. ಆದರೆ ಆಯೋಗ ಆರಿಸುವುದು ರಾಜ್ಯಕ್ಕೆ ಒಬ್ಬ ಅಧಿಕಾರಿಯನ್ನು. ಸುರಗಾಣಾ, ಪೇಠದಂಥ ಗುಜರಾತ್ ಗಡಿಯ ಆದಿವಾಸಿ ತಾಲೂಕಿಗೆ ಎಂಥವರು ಬೇಕು, ನಿಫಾಡದ ದ್ರಾಕ್ಷಿ ತೋಟಗಳ ತಾಲೂಕಿಗೆ ಎಂಥವರು ಬೇಕು ಎಂದು ವಿಚಾರಿಸುವ ಹಂತವೇ ಅದರಲ್ಲಿ ಇಲ್ಲ. ನಾನು ಎರಕದ ಘಟಕಕ್ಕೂ ಔಷಧ ಘಟಕಕ್ಕೂ ಒಂದೇ ಪಟ್ಟಿಯಿಂದ ಸರದಿ ಪ್ರಕಾರ ಜನ ಕಳಿಸಿದ್ದರೆ ನನ್ನ ಕೆಲಸ ಎಂದೋ ಹೋಗಿರುತ್ತಿತ್ತು.

ಕೆಳಗಿನ ಮೆಟ್ಟಿಲಿನ ಕಥೆಯೂ ಹೀಗೇ. ಕೇಂದ್ರಪ್ರಮುಖ ಹುದ್ದೆಗಳಲ್ಲಿ ಅರ್ಧವನ್ನು ಬಡ್ತಿಯಿಂದ, ಅರ್ಧವನ್ನು ಶಿಕ್ಷಕರಿಗಾಗಿಯೇ ನಡೆಸುವ ಸ್ಪರ್ಧಾ ಪರೀಕ್ಷೆಯಿಂದ ತುಂಬಬೇಕೆಂದು 2022ರಲ್ಲಿ ತೀರ್ಮಾನವಾಯಿತು. 2023ರ ಜೂನ್‌ನಲ್ಲಿ ಪುಣೆಯ ಪರೀಕ್ಷಾ ಪರಿಷತ್ತು 2,384 ಹುದ್ದೆಗಳಿಗೆ ಅರ್ಜಿ ಕರೆಯಿತು. ಆ ವರ್ಷ ಪರೀಕ್ಷೆ ನಡೆಯಲಿಲ್ಲ. ಹತ್ತು ಹನ್ನೆರಡು ಶಾಲೆಗಳನ್ನು ವಾರವಾರ ನೋಡಬೇಕಾದವರ ಕುರ್ಚಿಯೇ ಖಾಲಿ ಇದ್ದರೆ, ತಾಲೂಕಿನ ಸಾಹೇಬರು ಎಷ್ಟೇ ಚುರುಕಾಗಿದ್ದರೂ ಅವರ ಕೈ ಉದ್ದವಾಗುವುದಿಲ್ಲ.

ಇನ್ನು ಊರವರ ಪರವಾಗಿ ಕೇಳಬೇಕಾದ ಜನಪ್ರತಿನಿಧಿಗಳು? ಜಿಲ್ಲಾ ಪರಿಷತ್ತಿಗೆ ಶಿಕ್ಷಣ ಸಮಿತಿ ಇದೆ, ಅದಕ್ಕೊಬ್ಬರು ಸಭಾಪತಿ ಇರುತ್ತಾರೆ. ಸಂವಿಧಾನದ 73ನೇ ತಿದ್ದುಪಡಿಯ ನಂತರ ಪಂಚಾಯತಿಗೆ ಕೊಡಬಹುದಾದ 29 ವಿಷಯಗಳಲ್ಲಿ ಪ್ರಾಥಮಿಕ, ಮಾಧ್ಯಮಿಕ ಶಿಕ್ಷಣವೂ ಒಂದು. ಆದರೆ ನಾಶಿಕ, ಸಂಭಾಜಿನಗರ ಎರಡೂ ಜಿಲ್ಲಾ ಪರಿಷತ್ತುಗಳ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದು, ಮುಂದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದವು. ನಮ್ಮ ಕರ್ನಾಟಕವನ್ನು ನೋಡಿ ಇವರೇನೂ ನಾಚಬೇಕಿಲ್ಲ. ಅಲ್ಲೂ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲೇ ಮುಗಿದು ಚುನಾವಣೆ ಮುಂದೆ ಮುಂದೆ ಹೋಯಿತು.

ಎರಡು ಊರು, ಎರಡು ಚರಿತ್ರೆ

ನಾಶಿಕದಿಂದ ಸಂಭಾಜಿನಗರಕ್ಕೆ ವರ್ಗವಾಗಿ ಬಂದಾಗ ಇಲ್ಲಿನ ಕಚೇರಿಗಳ ಭಾಷೆಯೇ ಬೇರೆ ಅನ್ನಿಸಿತ್ತು. ಆಮೇಲೆ ಕಾರಣ ತಿಳಿಯಿತು. ನಾಶಿಕ ಹಳೆಯ ಮುಂಬೈ ಪ್ರಾಂತ್ಯದ್ದು. ಸಂಭಾಜಿನಗರ, ಅಂದರೆ 2023ರವರೆಗಿನ ಔರಂಗಾಬಾದ್, ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ನಾಶಿಕದ ಹಿರಿಯರು ‘ಸ್ಕೂಲ್ ಬೋರ್ಡ್’ ಎಂದರೆ ಧಾರವಾಡ, ಬೆಳಗಾವಿ, ವಿಜಯಪುರದ ಹಿರಿಯರಿಗೂ ಅದೇ ನೆನಪು. ಇಲ್ಲಿನ ಹಿರಿಯರ ಬಾಯಲ್ಲಿ ‘ತಾಲೀಮಾತ್’ ಎಂಬ ಉರ್ದು ಮಾತು ಬಂದರೆ ಕಲಬುರಗಿ, ಬೀದರ, ರಾಯಚೂರಿನವರು ತಲೆಯಾಡಿಸುತ್ತಾರೆ. ಶಿಕ್ಷಣ ಇಲಾಖೆಗೆ ಅಲ್ಲಿ ಅದೇ ಹೆಸರು.

ಮುಂಬೈ ಪ್ರಾಂತ್ಯದಲ್ಲಿ ಒಮ್ಮೆ ಈ ಪ್ರಯೋಗ ನಡೆದೂ ಹೋಗಿದೆ. 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಪ್ರತಿ ಜಿಲ್ಲೆಗೆ ಸ್ಕೂಲ್ ಬೋರ್ಡ್, ಅದಕ್ಕೊಬ್ಬ ಆಡಳಿತಾಧಿಕಾರಿ. ಹದಿನೈದು ವರ್ಷದಲ್ಲಿ ದೂರುಗಳ ರಾಶಿ ಬಿತ್ತು. ಶಿಕ್ಷಕರ ನೇಮಕ, ವರ್ಗಾವಣೆಯಲ್ಲಿ ಬೋರ್ಡಿನ ರಾಜಕೀಯ ನುಗ್ಗಿತು. 1938ರ ತಿದ್ದುಪಡಿ, ಆಮೇಲೆ 1947ರ ಕಾಯ್ದೆ ಬಂದು ಸರ್ಕಾರದ ಹಿಡಿತ ಬಿಗಿಯಾಯಿತು. ಆದ್ದರಿಂದ ‘ಊರವರೇ ಆರಿಸಲಿ’ ಎಂದು ಹೇಳುವ ಮೊದಲು ಈ ಪಾಠ ನೆನಪಿರಬೇಕು. ಆಗ ಊರಿನ ಪುಢಾರಿಗೆ ಇದ್ದ ಹಿಡಿತ ಈಗ ರಾಜಧಾನಿಗೆ ಹೋಗಿದೆ. ಎರಡೂ ಕಾಲದಲ್ಲಿ ಮಗುವಿನ ತಾಯಿಯನ್ನು ಕೇಳಿದವರಿಲ್ಲ.

ಈ ಗಂಟನ್ನು ಬಿಡಿಸಲು ತಲೆಕೆಡಿಸಿಕೊಂಡವರಲ್ಲಿ ಜೆ.ಪಿ. ನಾಯಕ ದೊಡ್ಡವರು. ಕೊಲ್ಹಾಪುರ ಜಿಲ್ಲೆಯಲ್ಲಿ ಹುಟ್ಟಿದ ಇವರು 1930ರ ದಶಕದಲ್ಲಿ ಧಾರವಾಡದ ಹತ್ತಿರದ ಉಪ್ಪಿನ ಬೆಟಗೇರಿಯಲ್ಲಿ ಇದ್ದು, ಕನ್ನಡ ಕಲಿತು, ಹಳ್ಳಿಯ ಕೆಲಸ ಮಾಡಿದವರು. ಮುಂದೆ 1964–66ರ ಕೊಠಾರಿ ಆಯೋಗದ ಸದಸ್ಯ-ಕಾರ್ಯದರ್ಶಿಯಾದರು. ಪ್ರತಿ ಜಿಲ್ಲೆಗೆ ಶಾಲಾ ಮಂಡಳಿ ಇರಲಿ, ಜಿಲ್ಲಾ ಶಿಕ್ಷಣಾಧಿಕಾರಿಯ ಸ್ಥಾನಮಾನ, ಅಧಿಕಾರ ಹೆಚ್ಚಲಿ ಎಂದು ಆ ಆಯೋಗ ಶಿಫಾರಸು ಮಾಡಿತ್ತು. ಆರು ದಶಕ ಕಳೆದರೂ ಆ ಮಾತು ಹಳತಾಗಿಲ್ಲ.

ಒಬ್ಬ ಅಧಿಕಾರಿಯಿಂದ ಏನಾಗುತ್ತದೆ?

“ಬಿಡ್ರೀ, ಯಾರು ಬಂದರೂ ಅಷ್ಟೇ” ಎನ್ನುವವರು ಬಹಳ. ಅವರಿಗೆ ನಾನು ಎರಡು ಉದಾಹರಣೆ ಹೇಳುತ್ತೇನೆ.

ಮೊದಲನೆಯದು ನಮ್ಮದೇ. 19ನೇ ಶತಮಾನದ ನಡುವಿನಲ್ಲಿ ಧಾರವಾಡ, ಬೆಳಗಾವಿಯ ಕಡೆ ಶಾಲೆಗಳಲ್ಲಿ ಮರಾಠಿಯದೇ ಕಾರುಬಾರು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಅಕ್ಷರ ಕಲಿಯಬೇಕಿತ್ತು. ಅದನ್ನು ಬದಲಿಸಿದವರಲ್ಲಿ ಮುಂಚೂಣಿಯ ಹೆಸರು ಡೆಪ್ಯುಟಿ ಚನ್ನಬಸಪ್ಪ. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಈ ಮಹನೀಯರ ಹೆಸರಿನ ಹಿಂದಿನ ‘ಡೆಪ್ಯುಟಿ’ ಬಿರುದಲ್ಲ, ಹುದ್ದೆ. ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರ್. ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿಯ ಬೆಂಬಲವೂ ಇತ್ತು. ಕನ್ನಡ ಶಾಲೆಗಳು ಬೆಳೆದವು, ಕನ್ನಡ ಕಲಿಸುವ ಶಿಕ್ಷಕರು ತಯಾರಾದರು. ಇವತ್ತು ಉತ್ತರ ಕರ್ನಾಟಕದಿಂದ ಬಂದ ನನ್ನಂಥವರು ಕನ್ನಡದಲ್ಲಿ ಬರೆಯುತ್ತಿದ್ದರೆ ಅದರ ಹಿಂದೆ ಶಾಲಾ ತಪಾಸಣೆಗೆ ಊರೂರು ತಿರುಗಿದ ಅಂಥ ಅಧಿಕಾರಿಗಳ ಋಣವಿದೆ.

ಎರಡನೆಯದು ಇತ್ತೀಚಿನದು. ಸಾತಾರಾ ಜಿಲ್ಲೆಯ ಕುಮಠೆ ಬೀಟ್. ಬೀಟ್ ಎಂದರೆ ಒಬ್ಬ ವಿಸ್ತಾರ ಅಧಿಕಾರಿಯ ವ್ಯಾಪ್ತಿ. ಅಲ್ಲಿನ ಸುಮಾರು 40 ಶಾಲೆಗಳಲ್ಲಿ ವಿಸ್ತಾರ ಅಧಿಕಾರಿ ಪ್ರತಿಭಾ ಭರಾಡೆ ಶಿಕ್ಷಕರ ಜೊತೆ ಕೂತು ಕಲಿಸುವ ರೀತಿಯನ್ನೇ ಬದಲಿಸಿದರು. ನೆಲದ ಮೇಲೆ ಬರೆದ ಅಂಕಿ, ಕಡ್ಡಿ, ಕಲ್ಲು, ಮಣಿ, ಮಕ್ಕಳೇ ಮಾಡಿ ಕಲಿಯುವುದು. ರಾಜ್ಯದ ಮೂಲೆಮೂಲೆಯಿಂದ ಶಿಕ್ಷಕರು ಬಸ್ಸು ಮಾಡಿಕೊಂಡು ಹೋಗಿ ನೋಡಿ ಬಂದರು. 2015ರಲ್ಲಿ ಸರ್ಕಾರ ‘ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ’ ಕಾರ್ಯಕ್ರಮ ತಂದಾಗ ಕುಮಠೆಯ ಹೆಸರು ಎಲ್ಲರ ಬಾಯಲ್ಲಿತ್ತು.

ಒಳ್ಳೆಯ ಶಾಲೆಗಳು ನಮ್ಮ ಈ ಎರಡು ಜಿಲ್ಲೆಗಳಲ್ಲೂ ಇವೆ. ನಾಶಿಕದ ತ್ರ್ಯಂಬಕೇಶ್ವರ ತಾಲೂಕಿನ ಹಿವಾಳಿ ಎಂಬ ಪುಟ್ಟ ಹಳ್ಳಿಯ ಮಕ್ಕಳು ಎರಡೂ ಕೈಯಲ್ಲಿ ಬರೆಯುವುದನ್ನು ನೀವು ವಿಡಿಯೋಗಳಲ್ಲಿ ನೋಡಿರಬಹುದು. ಸಂಭಾಜಿನಗರದ ಹತ್ತಿರದ ಗಾಡಿವಾಟ್ ಶಾಲೆಯ ಮಕ್ಕಳು ಜಪಾನಿ ಭಾಷೆ ಕಲಿತದ್ದು 2020ರಲ್ಲಿ ಪತ್ರಿಕೆಗಳಲ್ಲಿ ಬಂತು. ಅವು ಶಿಕ್ಷಕರ ಸಾಧನೆ. ಒಂದು ಶಾಲೆ ಹೊಳೆಯಲು ಒಬ್ಬ ಒಳ್ಳೆಯ ಮೇಷ್ಟ್ರು ಸಾಕು. ಒಂದು ತಾಲೂಕೇ ಸುಧಾರಿಸಬೇಕಾದರೆ ಮೇಷ್ಟ್ರುಗಳನ್ನು ಒಟ್ಟುಗೂಡಿಸುವವರು ಬೇಕು.

ಹನ್ನೊಂದು ತಿಂಗಳ ಸಾಹೇಬ

ಮೊದಲು ಹೇಳಿದೆನಲ್ಲ, ನಾಲ್ವರನ್ನು ಕಂಡ ತಾಲೂಕು. ಅಲ್ಲಿನ ಒಂದು ತಾಂಡಾದ ಶಾಲೆಗೆ ಇಬ್ಬರು ಶಿಕ್ಷಕರ ಮಂಜೂರಾತಿ. ಒಬ್ಬರನ್ನು ಬೇರೆ ಕೆಲಸಕ್ಕೆ ನಿಯೋಜಿಸಿ ಒಂದು ವರ್ಷವಾಗಿತ್ತು. ನಾಲ್ಕು ತರಗತಿಗೆ ಉಳಿದವರು ಒಬ್ಬರೇ. ಶಾಲಾ ವ್ಯವಸ್ಥಾಪನ ಸಮಿತಿಯ ಅಧ್ಯಕ್ಷೆ ಹತ್ತಿ ಬಿಡಿಸುವ ಕೂಲಿಗೆ ಹೋಗುವ ಹೆಂಗಸು. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಏಳು ಸಲ ತಾಲೂಕು ಕಚೇರಿಗೆ ಬಂದಿದ್ದರು. ಪ್ರಭಾರದಲ್ಲಿದ್ದವರು ಕೆಟ್ಟವರೇನಲ್ಲ. “ಇದು ಪೂರ್ಣ ಅಧಿಕಾರಿ ಬಂದು ಮಾಡಬೇಕಾದ ನಿರ್ಣಯ, ನಾನು ಹೇಗೆ ಕೈಹಾಕಲಿ?” ಎನ್ನುತ್ತಿದ್ದರು. “ತಾಈ, ಸಾಹೇಬರು ಇಲ್ಲ ಅಂದರೆ ಶಾಲೆ ಯಾರದು?” ಎಂದು ಆ ಅಧ್ಯಕ್ಷೆ ನನ್ನನ್ನು ಕೇಳಿದರು. ಇಲ್ಲಿ ಪರಿಚಯವಿಲ್ಲದ ಹೆಣ್ಣುಮಗಳನ್ನೂ ‘ತಾಈ’ ಎಂದೇ ಕರೆಯುತ್ತಾರೆ, ಅಕ್ಕ ಅಂದ ಹಾಗೆ. ನನ್ನ ಹತ್ತಿರ ಉತ್ತರವಿರಲಿಲ್ಲ.

ಮುಂದೆ ಪೂರ್ಣಾವಧಿಯ ಅಧಿಕಾರಿ ಬಂದರು. ವಿದರ್ಭದ ಕಡೆಯವರು, ಮೂವತ್ತರ ಆಸುಪಾಸಿನ ಹುಡುಗ, ನೇರ ನೇಮಕಾತಿಯವರು. ತಾಲೂಕಿನ ಊರಲ್ಲೇ ಬಾಡಿಗೆ ಮನೆ ಹಿಡಿದರು. ಮೊದಲ ಎರಡು ತಿಂಗಳು ಬೆಳಗ್ಗೆ ಶಾಲೆ, ಮಧ್ಯಾಹ್ನದ ಮೇಲೆ ಕಚೇರಿ. ಜೇಬಿನಲ್ಲಿ ಒಂದು ಸಣ್ಣ ವಹಿ. ಪ್ರತಿ ಶಾಲೆಗೆ ಒಂದು ಪುಟ. ಎಷ್ಟು ಮಕ್ಕಳಿಗೆ ಓದಲು ಬರುತ್ತದೆ, ಯಾವ ಮಗು ಊಸಿನ ಕಟಾವಿಗೆ ಅಪ್ಪ ಅಮ್ಮನ ಜೊತೆ ಹೋಗಿದೆ, ನಲ್ಲಿಯಲ್ಲಿ ನೀರು ಇದೆಯೋ ಇಲ್ಲವೋ. ತಾಂಡಾದ ಆ ಶಾಲೆಯಲ್ಲಿ ನೆಲದ ಮೇಲೆ ಮಕ್ಕಳ ನಡುವೆ ಕೂತು ಮಾತಾಡಿ ಹೋದ ಎಂಟನೇ ದಿನಕ್ಕೆ ಎರಡನೇ ಶಿಕ್ಷಕ ವಾಪಸ್ಸು ಬಂದರು.

ಹನ್ನೊಂದು ತಿಂಗಳಿಗೆ ಅವರಿಗೆ ವರ್ಗವಾಯಿತು. ಮಹಾರಾಷ್ಟ್ರದಲ್ಲಿ 2005ರ ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ಜಾಗದಲ್ಲಿ ಸಾಮಾನ್ಯ ಅವಧಿ ಮೂರು ವರ್ಷ. ಆದರೆ ವಿಶೇಷ ಕಾರಣ ಬರೆದು ಮೊದಲೇ ಬದಲಿಸಲು ಕಾಯ್ದೆಯಲ್ಲೇ ದಾರಿ ಇದೆ. ಹೋಗುವ ದಿನ ಅವರು ಆ ವಹಿಯನ್ನು ಕಚೇರಿಯ ಕಪಾಟಿನಲ್ಲಿಟ್ಟು ಹೋದರು. ಕುರ್ಚಿಗೆ ಮತ್ತೆ ಪ್ರಭಾರಿ ಬಂದರು. ನಾಲ್ಕು ತಿಂಗಳ ನಂತರ ನಾನು ಕೇಳಿದಾಗ ಆ ವಹಿಯ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ವೃತ್ತಿಯಲ್ಲಿ ಇದಕ್ಕೆ ‘ಹಸ್ತಾಂತರ ಆಗಿಲ್ಲ’ ಎನ್ನುತ್ತೇವೆ. ಇಲ್ಲಿ ಕೈಬಿಟ್ಟು ಹೋದದ್ದು ಒಂದು ತಾಲೂಕಿನ ಮಕ್ಕಳ ಲೆಕ್ಕ.

‘ಕನ್ನಡ’ ಎಂಬ ಫಲಕ ಮತ್ತು ಕನ್ನಡದ ಶಾಲೆಗಳು

ಸಂಭಾಜಿನಗರದಿಂದ ವೇರೂಳ ದಾಟಿ ಚಾಳಿಸಗಾಂವ್ ಕಡೆಗೆ ಹೋದರೆ ದಾರಿಯಲ್ಲಿ ದೇವನಾಗರಿಯಲ್ಲಿ ‘ಕನ್ನಡ’ ಎಂಬ ಫಲಕ ಕಾಣುತ್ತದೆ. ಇಲ್ಲಿನ 9 ತಾಲೂಕುಗಳಲ್ಲಿ ಅದೂ ಒಂದು. ಹೊಸದಾಗಿ ಬಂದ ಕನ್ನಡಿಗರೆಲ್ಲ ಗಾಡಿ ನಿಲ್ಲಿಸಿ ಅಲ್ಲೊಂದು ಫೋಟೋ ತೆಗೆಸಿಕೊಳ್ಳುತ್ತೇವೆ. ರಾಷ್ಟ್ರಕೂಟರ ಕೃಷ್ಣನ ಕಾಲದ ಕೈಲಾಸ ದೇವಾಲಯ ನೋಡಿ, ಈ ಫಲಕವನ್ನೂ ನೋಡಿದರೆ ಎದೆ ಉಬ್ಬುತ್ತದೆ. ಅಲ್ಲಿನ ಶಾಲೆಗಳಲ್ಲಿ ಕಲಿಸುವುದು ಮಾತ್ರ ಮರಾಠಿ, ಉರ್ದು.

ಕನ್ನಡ ಮಾಧ್ಯಮದ ಝಡ್.ಪಿ. ಶಾಲೆಗಳನ್ನು ನೋಡಬೇಕೆಂದರೆ ಅದೇ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ದಕ್ಷಿಣಕ್ಕೆ, ಸೊಲ್ಲಾಪುರದ ಕಡೆಗೆ ಹೋಗಬೇಕು. ಆ ರಸ್ತೆ ಮುಂದೆ ವಿಜಯಪುರ, ಹುಬ್ಬಳ್ಳಿ ದಾಟಿ ಅಂಕೋಲಾ ಮುಟ್ಟುತ್ತದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಸಾಂಗಲಿ ಜಿಲ್ಲೆಯ ಜತ್ತ. ಈ ತಾಲೂಕುಗಳಲ್ಲಿ ಮಹಾರಾಷ್ಟ್ರ ಸರ್ಕಾರವೇ ನಡೆಸುವ ಕನ್ನಡ ಶಾಲೆಗಳಿವೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಸಿಗಬೇಕೆನ್ನುತ್ತದೆ. ಶಾಲೆ ಇದೆ, ಪುಸ್ತಕವೂ ಇದೆ. ಆದರೆ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿಯಲ್ಲಿ ಓದಿ ಬಂದ ಶಿಕ್ಷಕರನ್ನು ಹಾಕಿದ ಸುದ್ದಿ 2024ರಲ್ಲಿ ಗಡಿಯ ಎರಡೂ ಬದಿ ಚರ್ಚೆಯಾಯಿತು. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ಮಕ್ಕಳು, ಪಾಲಕರು ಬೀದಿಗಿಳಿದದ್ದೂ ನಮಗೆ ಗೊತ್ತು.

ಇಂಥ ತಪ್ಪು ಆಗುವುದು ದ್ವೇಷದಿಂದಲೇ ಎಂದು ನಾನು ನಂಬುವುದಿಲ್ಲ. ದೂರದ ಕಂಪ್ಯೂಟರ್ ಪಟ್ಟಿಯಲ್ಲಿ ಶಾಲೆ ಒಂದು ಸಂಖ್ಯೆ, ಶಿಕ್ಷಕ ಇನ್ನೊಂದು ಸಂಖ್ಯೆ. “ನಿಲ್ಲಿ, ಈ ಶಾಲೆಯ ಮಗು ಮನೆಯಲ್ಲಿ ಆಡುವ ಮಾತು ಬೇರೆ” ಎಂದು ಹೇಳಬೇಕಾದವರು ತಾಲೂಕಿನ ಸಾಹೇಬರು. ಅವರಿಗೇ ಆ ಭಾಷೆ ಬರದಿದ್ದರೆ, ಅಥವಾ ಅವರು ಆರು ತಿಂಗಳ ಪ್ರಭಾರಿಯಾಗಿದ್ದರೆ ಹೇಳುವವರು ಯಾರು? ನಮ್ಮ ಬೆಳಗಾವಿ, ಬೀದರ ಜಿಲ್ಲೆಯ ಮರಾಠಿ ಶಾಲೆಗಳ ಮಕ್ಕಳಿಗೂ ಇದೇ ನ್ಯಾಯ ಸಲ್ಲಬೇಕು.

ಕಾಯ್ದೆ ಬದಲಿಸದೆ ಮಾಡಬಹುದಾದದ್ದು

ಅಮೆರಿಕದಂತೆ ಊರಿಗೊಂದು ಮಂಡಳಿ ಮಾಡಿ ನೇಮಕದ ಅಧಿಕಾರ ಕೊಡಿ ಎಂದು ನಾನು ಹೇಳುವುದಿಲ್ಲ. 1923ರ ಪಾಠ ಸಾಕು. ಆಯ್ಕೆ ಆಯೋಗವೇ ಮಾಡಲಿ. ಆದರೆ ಯಾವ ಸಣ್ಣ ಕಂಪನಿಯೂ ಬಿಡದ ನಾಲ್ಕು ಕೆಲಸ ಸರ್ಕಾರಕ್ಕೂ ಕಷ್ಟವಲ್ಲ.

ಒಂದು, ನಿವೃತ್ತಿಯ ದಿನಾಂಕ ವರ್ಷಗಳ ಮೊದಲೇ ಗೊತ್ತಿರುತ್ತದೆ. ಹೋಗುವವರು ಹೋಗುವ ಮುನ್ನ ಬರುವವರ ಹೆಸರು ತೀರ್ಮಾನವಾಗಲಿ. ಎರಡು, ಮೂರು ವರ್ಷದ ಅವಧಿ ಕಾಗದದಲ್ಲಿ ಉಳಿಯದಿರಲಿ. ಮೊದಲೇ ವರ್ಗ ಮಾಡುವುದಾದರೆ ಕಾರಣವನ್ನು ಪಂಚಾಯತ್ ಸಮಿತಿಯ ಫಲಕದ ಮೇಲೆ ಹಾಕಲಿ. ಮೂರು, ಬಂದವರು ನೂರು ದಿನದೊಳಗೆ ಪ್ರತಿ ಕೇಂದ್ರಕ್ಕೂ ಹೋಗಿ ಶಾಲಾ ಸಮಿತಿಗಳ ಜೊತೆ ಬಹಿರಂಗವಾಗಿ ಕೂರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಕೇಳಬೇಕಾದವರು ಅವರೇ. ನಾಲ್ಕು, ತಾಲೂಕಿನಲ್ಲಿ ಬೇರೆ ಮಾಧ್ಯಮದ ಶಾಲೆಗಳಿದ್ದರೆ ಆ ಭಾಷೆ ಓದಲು ಬರುವ ಒಬ್ಬ ವಿಸ್ತಾರ ಅಧಿಕಾರಿಯಾದರೂ ಇರಲೇಬೇಕು.

ನಮ್ಮ ಕರ್ನಾಟಕದಲ್ಲಿ ಶಿಕ್ಷಣಕ್ಕೆಂದೇ ಬೇರೆ ಗಡಿ ಹಾಕಿದ ಉದಾಹರಣೆ ಇದೆ. ಚಿಕ್ಕೋಡಿ, ಶಿರಸಿ, ಮಧುಗಿರಿ ಕಂದಾಯ ಜಿಲ್ಲೆಗಳಲ್ಲ, ಶೈಕ್ಷಣಿಕ ಜಿಲ್ಲೆಗಳು. ಜಿಲ್ಲಾ ಕೇಂದ್ರ ದೂರವಾಯಿತು, ಅಧಿಕಾರಿ ಹತ್ತಿರ ಇರಲಿ ಎಂಬ ವಿವೇಕ ಅದರ ಹಿಂದಿದೆ. ಕಚೇರಿಯನ್ನು ಹತ್ತಿರ ತಂದ ಸರ್ಕಾರಕ್ಕೆ ಅಧಿಕಾರಿಯನ್ನು ಮೂರು ವರ್ಷ ಅಲ್ಲೇ ಇರಿಸುವುದು ಅಸಾಧ್ಯವೇನಲ್ಲ.

ಹೊರನಾಡಿನಲ್ಲಿರುವ ನಾವು ಊರಿನ ಶಾಲೆಗೆ ಏನಾದರೂ ಮಾಡಬೇಕೆಂದಾಗ ಬೆಂಚು, ಬಣ್ಣ, ಕಂಪ್ಯೂಟರ್ ಎನ್ನುತ್ತೇವೆ. ಅದು ಬೇಡವೆಂದಲ್ಲ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಎಸ್‌ಡಿಎಂಸಿ ಅಧ್ಯಕ್ಷರನ್ನು ಒಂದು ಮಾತು ಕೇಳಿ: ನಮ್ಮ ತಾಲೂಕಿನ ಬಿಇಓ ಯಾರು, ಬಂದು ಎಷ್ಟು ದಿನವಾಯಿತು, ನಮ್ಮ ಶಾಲೆಗೆ ಕೊನೆಯ ಸಲ ಬಂದದ್ದು ಯಾವಾಗ? ಉತ್ತರ ಗೊತ್ತಿಲ್ಲವೆಂದರೆ ಇಬ್ಬರೂ ಸೇರಿ ಬಿಇಓ ಕಚೇರಿಗೆ ಹೋಗಿ ಬನ್ನಿ. ಕುರ್ಚಿಯಲ್ಲಿ ಯಾರಾದರೂ ಇದ್ದರೆ ಶಾಲೆಗೆ ಬರಲು ಆಮಂತ್ರಣ ಕೊಡಿ. ಖಾಲಿ ಇದ್ದರೆ, ಎಂದಿನಿಂದ ಖಾಲಿ ಎಂದು ಕೇಳಿ, ಉತ್ತರವನ್ನು ಬರೆಸಿಕೊಂಡು ಬನ್ನಿ.